ಶಾಲೆಯ ಬಾಗಿಲು ಕಾದವರು

ಪುಣೆಯ ಶಾಲೆಗಳ ಸುರಕ್ಷತೆಯ ಇತಿಹಾಸ ಬರೆಯಲು ಕುಳಿತರೆ ಗೇಟಿನಿಂದಲೋ ಕ್ಯಾಮೆರಾದಿಂದಲೋ ಶುರು ಮಾಡಲು ನನಗೆ ಮನಸ್ಸಾಗುವುದಿಲ್ಲ. ಒಂದು ಹೆಚ್ಚಿನ ಸೀರೆಯಿಂದ ಶುರು ಮಾಡಬೇಕು ಅನ್ನಿಸುತ್ತದೆ.

1848ರಲ್ಲಿ ಬುಧವಾರ ಪೇಠೆಯ ಭಿಡೆ ವಾಡೆಯಲ್ಲಿ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರು. ಸಾವಿತ್ರಿಬಾಯಿಗೆ ಆಗ 17 ವರ್ಷ. ಮನೆಯಿಂದ ಶಾಲೆಗೆ ನಡೆದು ಹೋಗುವಾಗ ದಾರಿಯಲ್ಲಿ ಜನ ಸಗಣಿ, ಕೆಸರು, ಕಲ್ಲು ಎಸೆಯುತ್ತಿದ್ದರು. ಹಳೆಯ ಸೀರೆ ಉಟ್ಟು ಮನೆ ಬಿಡುವುದು, ಶಾಲೆ ಮುಟ್ಟಿದ ಮೇಲೆ ಜೊತೆಗೆ ತಂದ ಶುಭ್ರ ಸೀರೆ ಉಟ್ಟು ಪಾಠಕ್ಕೆ ನಿಲ್ಲುವುದು, ಸಂಜೆ ಮತ್ತೆ ಆ ಮಾಸಿದ ಸೀರೆಯಲ್ಲೇ ಮನೆಗೆ ಮರಳುವುದು, ಇದು ಅವರ ದಿನಚರಿಯಾಯಿತು. ಈ ಕಥೆಯನ್ನು ನಾವೆಲ್ಲ ಜನವರಿ 3ರ ಭಾಷಣಗಳಲ್ಲಿ ಕೇಳಿದ್ದೇವೆ. ಅದರ ಮುಂದಿನ ಸಂಗತಿ ಅಷ್ಟಾಗಿ ಕೇಳಿಬರುವುದಿಲ್ಲ. ಸಾವಿತ್ರಿಬಾಯಿ ಬಹಳ ದಿನ ಒಬ್ಬರೇ ನಡೆಯಲಿಲ್ಲ. ಅವರ ಜೊತೆಗೆ ಹೋಗಿ ಬರಲು ಬಳವಂತ ಸಖಾರಾಮ ಕೋಲ್ಹೆ ಎಂಬ ಸೇವಕರಿದ್ದರು. ಫುಲೆ ದಂಪತಿಯ ಶಾಲೆಗಳಿಗೆ ಬೆಂಬಲವಾಗಿ ಗರಡಿಯ ಉಸ್ತಾದ ಲಹೂಜಿ ಸಾಳವೆ ನಿಂತಿದ್ದರು. ಶಾಲೆಯೊಳಗೆ ಪಾಠಕ್ಕೆ ಹೆಗಲು ಕೊಡಲು ಫಾತಿಮಾ ಇದ್ದರು.

1856ರ ಅಕ್ಟೋಬರಿನಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ತವರು ನಾಯಗಾವ್‌ಗೆ ಹೋಗಿದ್ದ ಸಾವಿತ್ರಿಬಾಯಿ ಅಲ್ಲಿಂದ ಗಂಡನಿಗೆ ಬರೆದ ಒಂದು ಪತ್ರ ಉಳಿದಿದೆ. ಅದರಲ್ಲಿ ಅವರು ತಮ್ಮ ಕಾಯಿಲೆಯ ಜೊತೆಗೆ ಫಾತಿಮಾಳ ವಿಚಾರವನ್ನೂ ಎತ್ತುತ್ತಾರೆ. ತಾನು ಇಲ್ಲದ್ದರಿಂದ ಫಾತಿಮಾಗೆ ಕಷ್ಟವಾಗುತ್ತಿರಬಹುದು, ಆದರೆ ಅವಳು ಗೊಣಗುವವಳಲ್ಲ ಎಂಬ ಅರ್ಥದ ಮಾತು ಅಲ್ಲಿದೆ. ರಜೆಯ ಮೇಲಿರುವ ಒಬ್ಬ ಶಿಕ್ಷಕಿ ಶಾಲೆಯಲ್ಲಿರುವ ಇನ್ನೊಬ್ಬ ಶಿಕ್ಷಕಿಯ ಹೊರೆಯನ್ನು ನೆನೆಯುತ್ತಾಳೆ. ಸಿಬ್ಬಂದಿಯ ಮಾನಸಿಕ ಆರೋಗ್ಯ ಎಂದು ಇವತ್ತು ನಾವು ದೊಡ್ಡ ಹೆಸರಿಟ್ಟು ಕರೆಯುವ ವಿಷಯ ಪುಣೆಯ ದಾಖಲೆಯಲ್ಲಿ ಹೀಗೆ ಒಂದು ಮನೆವಾರ್ತೆಯ ಪತ್ರದಲ್ಲಿ ಸಿಗುತ್ತದೆ.

ಆ ಶಾಲೆಗಳಲ್ಲಿ ಕಲಿತ ಮಕ್ಕಳ ಮನಸ್ಸು ಹೇಗಿತ್ತು ಎಂಬುದಕ್ಕೂ ಒಂದು ಸಾಕ್ಷ್ಯವಿದೆ. 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಮಾಂಗ ಸಮುದಾಯದ ಬಾಲೆ ಮುಕ್ತಾ ಸಾಳವೆ ತನ್ನ ಜನರ ದುಃಖವನ್ನು ಕುರಿತು ಬರೆದ ನಿಬಂಧ ಅಚ್ಚಾಯಿತು. ರಸ್ತೆಯಲ್ಲಿ ತಲೆ ಎತ್ತಿ ನಡೆಯುವುದೂ ಕಷ್ಟವಾಗಿದ್ದ ಮನೆಯ ಮಗಳು ಅಚ್ಚಿನಲ್ಲಿ ಪ್ರಶ್ನೆ ಕೇಳಿದಳು. ಹೊರಗೆ ಕಲ್ಲು ಬೀಳುತ್ತಿದ್ದ ಶಾಲೆಯೊಳಗೆ ಕುಳಿತ ಹುಡುಗಿಗೆ ಆ ಧೈರ್ಯ ಎಲ್ಲಿಂದ ಬಂತು? ತನ್ನ ಮಾತನ್ನು ಕೇಳಿಸಿಕೊಳ್ಳುವವರು ಒಳಗೆ ಇದ್ದಾರೆ ಎಂಬ ನಂಬಿಕೆ ಅವಳಿಗೆ ಇದ್ದಿರಲೇಬೇಕು. ನನ್ನ ಈ ಲೇಖನದ ವಿಷಯವೂ ಅದೇ. ಕಳೆದ 175 ವರ್ಷಗಳಲ್ಲಿ ನಮ್ಮ ಶಾಲೆಗಳನ್ನು ಕಾಯಲು ಏನೇನೋ ಬಂದಿವೆ. ಅವುಗಳಲ್ಲಿ ಕೆಲವು ಮಕ್ಕಳಿಗೂ ಶಿಕ್ಷಕರಿಗೂ ಧೈರ್ಯ ಕೊಟ್ಟವು, ಇನ್ನು ಕೆಲವು ಹೊಸ ಹೆದರಿಕೆ ತಂದವು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕುವುದು ನನ್ನ ಉದ್ದೇಶ.

ಪ್ಲೇಗಿನ ವರ್ಷ

1897ರಲ್ಲಿ ಪುಣೆಯನ್ನು ಪ್ಲೇಗು ಹಿಡಿಯಿತು. ಆ ವರ್ಷ ಮಾರ್ಚ್ 10ರಂದು ಸಾವಿತ್ರಿಬಾಯಿ ತೀರಿಕೊಂಡರು. ಹಡಪ್ಸರ್ ಕಡೆ ಮಗ ಡಾ. ಯಶವಂತ ನಡೆಸುತ್ತಿದ್ದ ಚಿಕಿತ್ಸಾಲಯಕ್ಕೆ ರೋಗ ತಗುಲಿದ ಹುಡುಗನೊಬ್ಬನನ್ನು ತಾವೇ ಹೊತ್ತು ತಂದು, ಆ ಸೋಂಕಿನಿಂದಲೇ ಹೋದರು. ಅದೇ ತಿಂಗಳು ಸರ್ಕಾರದ ವಿಶೇಷ ಪ್ಲೇಗ್ ಸಮಿತಿ ಡಬ್ಲ್ಯು. ಸಿ. ರ‍್ಯಾಂಡ್ ಮುಂದಾಳುತನದಲ್ಲಿ ಮನೆ ಮನೆ ಶೋಧ ನಡೆಸಲು ಆರಂಭಿಸಿತು. ಸೈನಿಕರು ಮನೆಯೊಳಗೆ ನುಗ್ಗಿದರು. ಅನುಮಾನ ಬಂದವರನ್ನು ಆಸ್ಪತ್ರೆಗೆ, ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೆ ಒಯ್ದರು. ರೋಗ ತಡೆಯುವ ಉದ್ದೇಶ ಸುಳ್ಳಲ್ಲ. ಆದರೆ ಜನ ಪ್ಲೇಗಿಗಿಂತ ಶೋಧಕ್ಕೇ ಹೆಚ್ಚು ಹೆದರಿದರು. ಜೂನ್ 22ರಂದು ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ್ ಸಹೋದರರು ರ‍್ಯಾಂಡ್ ಮೇಲೆ ಗುಂಡು ಹಾರಿಸಿದ ಕಥೆ ಶಾಲಾ ಪಠ್ಯದಲ್ಲೇ ಇದೆ.

ಈ ಕಥೆಯಲ್ಲಿ ನಮ್ಮ ನಾಡಿನ ಹೆಣ್ಣುಮಗಳೊಬ್ಬಳಿದ್ದಾಳೆ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಎಂಬ ವಿಧವೆಯರ ಶಾಲೆ ಮರುವರ್ಷ ಪುಣೆಗೆ ಬಂತು. ಪ್ಲೇಗಿನ ವರ್ಷದಲ್ಲಿ ಅವರ ಆಶ್ರಯಕ್ಕೆ ಬರಗಾಲದ ಊರುಗಳಿಂದ ಹುಡುಗಿಯರು ಬರುತ್ತಿದ್ದರು. ಪುಣೆಯಲ್ಲಿ ಅವರನ್ನು ಇಟ್ಟುಕೊಳ್ಳುವುದು ಸಾಧ್ಯವಾಗದೆ ದೌಂಡ್ ಕಡೆಯ ಕೇಡಗಾವ್‌ನ ಹೊಲಕ್ಕೆ ಕರೆದೊಯ್ದರು. ಮುಂದೆ ಅದೇ ಮುಕ್ತಿ ಸದನವಾಯಿತು.

ಪ್ಲೇಗ್ ಆಸ್ಪತ್ರೆ ಮತ್ತು ಶಿಬಿರಗಳಲ್ಲಿ ಹೆಣ್ಣುಮಕ್ಕಳಿಗೆ ಸರಿಯಾದ ರಕ್ಷಣೆ ಇಲ್ಲವೆಂದು ರಮಾಬಾಯಿ ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಬರೆದರು. ಸರ್ಕಾರ ಆ ಆರೋಪವನ್ನು ತಳ್ಳಿಹಾಕಿತು. ಆದರೂ ಅವರು ಎತ್ತಿದ ಪ್ರಶ್ನೆ ಹಳತಾಗಿಲ್ಲ. ಸುರಕ್ಷತೆಗೆಂದು ಒಯ್ದ ಜಾಗದಲ್ಲಿ ಹುಡುಗಿಯ ಜೊತೆಗೆ ಅವಳಿಗೆ ಪರಿಚಯವಿರುವ ಹೆಂಗಸು ಯಾರಿದ್ದಾರೆ? ಅವಳು ಅತ್ತರೆ ಯಾರಿಗೆ ಕೇಳಿಸುತ್ತದೆ? ಇಂದು ಯಾವುದೇ ಸುರಕ್ಷತಾ ಆದೇಶ ಓದುವಾಗ ನಾನು ಮೊದಲು ಹುಡುಕುವುದು ಈ ಎರಡು ಪ್ರಶ್ನೆಗಳ ಉತ್ತರವನ್ನೇ.

ಗೇಟಿಲ್ಲದ ಸಾಲಿ

ನಾನು ಕಲಿತದ್ದು ಧಾರವಾಡದಲ್ಲಿ, 1960ರ ದಶಕದ ಕೊನೆಯಲ್ಲಿ. ನಮ್ಮ ಸಾಲಿಗೆ ಕಂಪೌಂಡ್ ಇತ್ತು, ಗೇಟ್ ಇರಲಿಲ್ಲ. ಗೇಟಿನ ಜಾಗದಲ್ಲಿ ಸಿಪಾಯಿ ಕೂತಿರುತ್ತಿದ್ದ. ಗಂಟೆ ಹೊಡೆಯುವವನೂ ಅವನೇ, ಮಳೆ ಬಂದರೆ ಮಕ್ಕಳನ್ನು ತಡೆದು ನಿಲ್ಲಿಸುವವನೂ ಅವನೇ. “ಯಾರ ಮನೀ ಕೂಸವ್ವಾ ನೀ? ಒಬ್ಬಾಕಿನೇ ಎಲ್ಲಿ ಹೊಂಟಿ?” ಎಂದು ಕೇಳದೆ ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ.

ಹಾಗೆಂದು ಆ ಕಾಲವನ್ನು ಹೊಗಳಿ ಮುಗಿಸುವಂತಿಲ್ಲ. ಆಗ ಹೆದರಿಕೆ ಹೊರಗಿನಿಂದ ಬರಬೇಕಾಗಿರಲಿಲ್ಲ, ಮಾಸ್ತರರ ಬೆತ್ತದಲ್ಲೇ ಇತ್ತು. ಲೆಕ್ಕ ತಪ್ಪಿದರೆ ಅಂಗೈ ಮೇಲೆ ಬರೆ. ಯಾವ ಮೂಲೆಗೆ ಒಬ್ಬಳೇ ಹೋಗಬಾರದು, ಯಾರ ಹತ್ತಿರ ನಿಲ್ಲಬಾರದು ಎಂಬುದನ್ನು ದೊಡ್ಡ ಹುಡುಗಿಯರು ಸಣ್ಣವರ ಕಿವಿಯಲ್ಲಿ ಹೇಳುತ್ತಿದ್ದರು. ಅದು ಅಕ್ಕೋರ ಕಿವಿಗೆ ಮುಟ್ಟುತ್ತಿರಲಿಲ್ಲ, ಅವ್ವನ ಕಿವಿಗಂತೂ ಇಲ್ಲವೇ ಇಲ್ಲ. ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುವ ಸ್ಪಷ್ಟ ಮಾತು ದೇಶದ ಕಾನೂನಿಗೆ ಬಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನಲ್ಲಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆಂದೇ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ನನ್ನ ತಲೆಮಾರಿನ ಹೆಣ್ಣುಮಕ್ಕಳಿಗೆ ಈ ಎರಡೂ ಇರಲಿಲ್ಲ. ಆದ್ದರಿಂದ “ನಮ್ಮ ಕಾಲದಾಗ ಇವೆಲ್ಲಾ ಇರಲಿಲ್ಲ, ನಾವು ಬೆಳೀಲಿಲ್ಲೇನು?” ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಬೆಳೆದೆವು ನಿಜ, ಆದರೆ ಬಾಯಿ ಮುಚ್ಚಿಕೊಂಡು ಬೆಳೆದೆವು.

ಬೆಂಕಿ, ಜ್ವರ, ಮಾಸ್ಕು

ಮದುವೆಯಾಗಿ ಪುಣೆಗೆ ಬಂದು ಇಲ್ಲಿಯ ಒಂದು ಶಾಲೆಯಲ್ಲಿ 27 ವರ್ಷ ಪಾಠ ಮಾಡಿ 2018ರಲ್ಲಿ ನಿವೃತ್ತಳಾದೆ. ಹೀಗಾಗಿ ಶಾಲಾ ಸುರಕ್ಷತೆ ಎಂಬ ಮಾತು ಹುಟ್ಟಿ, ಬೆಳೆದು, ಕಡತವಾಗಿದ್ದನ್ನು ಒಳಗಿನಿಂದಲೇ ನೋಡಿದ್ದೇನೆ. ಪ್ರತಿ ನಿಯಮದ ಹಿಂದೆಯೂ ಒಂದು ಗಾಯವಿದೆ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯ ಕಿಡಿ ಹುಲ್ಲಿನ ಛಾವಣಿಗೆ ಹಾರಿ 94 ಮಕ್ಕಳು ಸುಟ್ಟುಹೋದರು. ಆ ದುರಂತದ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದು ಹೇಳಿತು. ನಮ್ಮ ಶಾಲೆಗೆ ಕೆಂಪು ಬಣ್ಣದ ಬೆಂಕಿ ಆರಿಸುವ ಸಿಲಿಂಡರುಗಳು ಬಂದವು. ಅದನ್ನು ಹೇಗೆ ಹಿಡಿಯಬೇಕೆಂದು ಅಗ್ನಿಶಾಮಕ ದಳದವರು ಬಂದು ತೋರಿಸಿದರು. ನನಗೆ ನೆನಪಿರುವಂತೆ ಆ ದಿನ ಮಕ್ಕಳು ಹೆದರಲಿಲ್ಲ, ಖುಷಿಪಟ್ಟರು. ಏಕೆಂದರೆ ಮೊದಲೇ ಹೇಳಿದ್ದೆವು, ಅವರ ಕೈಗೂ ಕೆಲಸ ಕೊಟ್ಟಿದ್ದೆವು, ಪ್ರಶ್ನೆ ಕೇಳಲು ಬಿಟ್ಟಿದ್ದೆವು. ನಮ್ಮ ಶಾಲೆಯ ಮಾವಶಿಯರೂ ಸಾಲಿನಲ್ಲಿ ನಿಂತು ಸಿಲಿಂಡರು ಹಿಡಿದು ನೋಡಿದರು. ಪುಣೆಯಲ್ಲಿ ಶಾಲೆಯ ಕಸ ಗುಡಿಸಿ, ಚಿಕ್ಕ ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ದು, ಬಸ್ಸಿನಿಂದ ಇಳಿಸಿಕೊಳ್ಳುವ ಹೆಂಗಸರನ್ನು ಮಾವಶಿ ಎನ್ನುವುದು ಓದುಗ ಗೆಳತಿಯರಿಗೆ ಗೊತ್ತೇ ಇದೆ.

ಅದೇ 2009ರ ಆಗಸ್ಟ್ 3ರಂದು ಎಚ್1ಎನ್1 ಜ್ವರದಿಂದ ಭಾರತದಲ್ಲಿ ಮೊದಲ ಸಾವು ಆದದ್ದು ಪುಣೆಯಲ್ಲೇ. ಸತ್ತವಳು 14 ವರ್ಷದ ಶಾಲಾ ಬಾಲಕಿ. ಊರಿನ ಶಾಲೆಗಳಿಗೆ ಒಂದು ವಾರ ಬೀಗ ಬಿತ್ತು. ನಾಯ್ಡು ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲು ನಿಂತಿತು. ಔಷಧಿ ಅಂಗಡಿಗಳಲ್ಲಿ ಮಾಸ್ಕು ಸಿಗದಾಯಿತು. ಶಾಲೆ ಮತ್ತೆ ತೆರೆದಾಗ, ಕೆಮ್ಮುವ ಮಗುವನ್ನು ಮನೆಗೆ ಕಳಿಸಿ ಎಂಬ ಸೂಚನೆ ನಮಗೆ ಬಂತು. ಸೂಚನೆ ಸರಿಯೇ ಇತ್ತು. ಆದರೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಎರಡು ಸಲ ಕೆಮ್ಮಿದ್ದಕ್ಕೆ ಅಕ್ಕಪಕ್ಕದ ಬೆಂಚುಗಳು ಖಾಲಿಯಾದವು. ಅವಳಿಗೆ ಜ್ವರವೇನೂ ಇರಲಿಲ್ಲ. ಮರುದಿನ ಬರಲಿಲ್ಲ, ಮೂರನೆಯ ದಿನವೂ ಬರಲಿಲ್ಲ. ನಾಲ್ಕನೆಯ ದಿನ ಅವಳ ತಾಯಿ ಬಂದು, “ಮುಲಗೀ ಖೋಕಲಾ ದಾಬೂನ್ ಠೇವತೇ” ಎಂದರು. ಮಗು ಕೆಮ್ಮನ್ನು ಅದುಮಿಕೊಂಡು ಕೂರುತ್ತಿದೆಯಂತೆ. ರೋಗ ತಡೆಯುವ ನಿಯಮ ಮಗುವಿಗೆ ರೋಗ ಮುಚ್ಚಿಡುವುದನ್ನು ಕಲಿಸಿತ್ತು. 1897ರಲ್ಲಿ ಮನೆಮಂದಿ ರೋಗಿಯನ್ನು ಅಟ್ಟದಲ್ಲಿ ಬಚ್ಚಿಟ್ಟದ್ದೂ ಹೀಗೆಯೇ. ನಿಯಮ ಯಾರನ್ನು ಹೆದರಿಸುತ್ತದೋ ಅವರು ಅದರಿಂದ ಅಡಗುತ್ತಾರೆ.

2020ರ ಮಾರ್ಚ್ 9ರಂದು ಮಹಾರಾಷ್ಟ್ರದ ಮೊದಲ ಕೋವಿಡ್ ರೋಗಿಗಳು ಪತ್ತೆಯಾದದ್ದೂ ಪುಣೆಯಲ್ಲೇ. ಆ ವೇಳೆಗೆ ನಾನು ನಿವೃತ್ತಳಾಗಿದ್ದೆ. ಮೊಬೈಲಿನ ಸಣ್ಣ ಪರದೆಯಲ್ಲಿ ಮೊದಲ ಬಾರಿ ಟೀಚರ್ ಮುಖ ನೋಡಿದ ಮಕ್ಕಳು, ಒಂದೂವರೆ ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಶಾಲೆಯ ಮೆಟ್ಟಿಲು ಹತ್ತುವಾಗ ತಾಯಿಯ ಸೆರಗು ಬಿಡದೆ ನಿಂತದ್ದನ್ನು ನಮ್ಮ ಸೊಸೈಟಿಯ ಎದುರಿನ ಬಾಲವಾಡಿಯಲ್ಲಿ ನೋಡಿದೆ. ಬಾಗಿಲಲ್ಲಿ ಜ್ವರ ನೋಡುವ ಯಂತ್ರ ಹಿಡಿದಿದ್ದ ಮಾವಶಿ ಮೊದಲು ತನ್ನ ಹಣೆಗೆ ಅದನ್ನು ಹಿಡಿದುಕೊಂಡು, “ಬಘ್, ಕಾಹೀ ನಾಹೀ ಹೋತ್” ಎಂದು ನಗುತ್ತಿದ್ದಳು. ಆಮೇಲೆ ಮಕ್ಕಳು ಸಾಲಾಗಿ ಬಂದು ಹಣೆ ಕೊಟ್ಟವು.

ಅನುಮಾನದ ಕಾಲ

2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ಅತ್ಯಾಚಾರ ನಡೆಯಿತೆಂಬ ಸುದ್ದಿ ಬಂದಾಗ ತಂದೆತಾಯಿಗಳು ಬೀದಿಗೆ ಇಳಿದರು. ಪೊಲೀಸರು ಶಾಲೆಗಳಿಗೆ ಮಾರ್ಗಸೂಚಿ ಹೊರಡಿಸಿದರು. ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ, ಸಿಸಿಟಿವಿ, ಬಸ್ಸುಗಳ ಮೇಲೆ ನಿಗಾ ಮುಂತಾದವು ಎಲ್ಲರ ಬಾಯಲ್ಲೂ ಬಂದವು. ಇವು ಬೇಕಾಗಿದ್ದವು. ಆ ಸಿಟ್ಟು ಇರದಿದ್ದರೆ ಯಾವ ಶಾಲೆಯೂ ಕದಲುತ್ತಿರಲಿಲ್ಲ.

2017ರ ಸೆಪ್ಟೆಂಬರ್ 8ರಂದು ಗುರುಗ್ರಾಮದ ಶಾಲೆಯೊಂದರಲ್ಲಿ ಏಳು ವರ್ಷದ ಹುಡುಗನ ಕೊಲೆಯಾಯಿತು. ನಾಲ್ಕೇ ದಿನಗಳಲ್ಲಿ ಸಿಬಿಎಸ್‌ಇ ಸುತ್ತೋಲೆ ಬಂತು. ಪೊಲೀಸ್ ಪರಿಶೀಲನೆ, ಕ್ಯಾಮೆರಾ, ಸುರಕ್ಷತಾ ಲೆಕ್ಕಪರಿಶೋಧನೆ ಇವುಗಳ ಜೊತೆಗೆ ಬೋಧಕ, ಬೋಧಕೇತರ ಸಿಬ್ಬಂದಿ ಎಲ್ಲರ ಮನೋಮಾಪನ ಪರೀಕ್ಷೆಯೂ ಎರಡು ತಿಂಗಳೊಳಗೆ ಆಗಬೇಕೆಂದು ಹೇಳಿತು. ಆ ಪ್ರಕರಣದ ಮುಂದಿನ ಭಾಗ ಎಷ್ಟು ಜನರಿಗೆ ನೆನಪಿದೆಯೋ ಕಾಣೆ. ಅದೇ ದಿನ ಪೊಲೀಸರು ಹಿಡಿದದ್ದು ಶಾಲಾ ಬಸ್ಸಿನ ಕಂಡಕ್ಟರನನ್ನು. ತಪ್ಪೊಪ್ಪಿಗೆ ಎಂಬ ಸುದ್ದಿಯೂ ಬಂತು. ನವೆಂಬರಿನಲ್ಲಿ ಸಿಬಿಐ ತನಿಖೆ ಬೇರೆ ದಿಕ್ಕು ಹಿಡಿದು ಅದೇ ಶಾಲೆಯ ಹನ್ನೊಂದನೆಯ ತರಗತಿಯ ವಿದ್ಯಾರ್ಥಿಯನ್ನು ವಶಕ್ಕೆ ತೆಗೆದುಕೊಂಡಿತು. ಕಂಡಕ್ಟರನಿಗೆ ಜಾಮೀನು ಸಿಕ್ಕಿತು, 2018ರಲ್ಲಿ ನ್ಯಾಯಾಲಯ ಅವನನ್ನು ಪ್ರಕರಣದಿಂದಲೇ ಕೈಬಿಟ್ಟಿತು.

ಆ ತಿಂಗಳುಗಳಲ್ಲಿ ಶಾಲೆಗಳ ಸಿಬ್ಬಂದಿ ಕೋಣೆಗಳಲ್ಲಿ ಏನಾಯಿತು ಎಂಬುದು ಯಾವ ಸುತ್ತೋಲೆಯಲ್ಲೂ ಇಲ್ಲ. ನಾನಿದ್ದ ಕಡೆ ಬಸ್ಸಿನ ಡ್ರೈವರ್ ಕಾಕಾ ಒಬ್ಬರು 15 ವರ್ಷದಿಂದ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅವರು ಕರೆಯುವುದನ್ನೇ ನಿಲ್ಲಿಸಿದರು. ನಮ್ಮ ಚಿತ್ರಕಲೆಯ ಸರ್, ಬಿದ್ದು ಮೊಣಕಾಲು ತರಚಿಕೊಂಡ ಮಗುವನ್ನು ಎತ್ತಲು ಮುಂದಾದವರು ಅರ್ಧದಲ್ಲೇ ನಿಂತು, “ಮಾವಶೀ, ಜರಾ ಯಾ” ಎಂದು ಕೂಗಿ ಕೈ ಹಿಂದೆ ಕಟ್ಟಿಕೊಂಡರು. ಮಾವಶಿ ಬರುವ ತನಕ ಮಗು ನೆಲದ ಮೇಲೆ ಅಳುತ್ತಿತ್ತು, ಅವರು ನಿಂತೇ ಇದ್ದರು. ಆ ದೃಶ್ಯ ನೋಡಿ ನನಗೆ ಇಬ್ಬರ ಮೇಲೂ ಮರುಕ ಬಂತು. ಅವರ ಎಚ್ಚರಿಕೆಯನ್ನು ತಪ್ಪೆನ್ನಲಾರೆ. ಹುಡುಗಿಯರ ತಾಯಂದಿರಾಗಿ ನಾವೂ ಅದನ್ನೇ ಬಯಸಿದ್ದೆವು. ಆದರೆ ಅದಕ್ಕೆ ತೆತ್ತ ಬೆಲೆಯನ್ನು ಎಲ್ಲಾದರೂ ಬರೆದಿಡಬೇಕಲ್ಲ.

ನಾಲ್ಕನೇ ದರ್ಜೆಯ ಸಿಬ್ಬಂದಿಯ ಮೇಲೆ ಬಿದ್ದ ಭಾರ ಇನ್ನೂ ಹೆಚ್ಚು. ಗುತ್ತಿಗೆಯ ಮೇಲೆ ದುಡಿಯುವ ಮಾವಶಿಯರು ಪೊಲೀಸ್ ಪರಿಶೀಲನೆಗೆಂದು ಚೌಕಿಗೆ ಅಲೆದರು. ಬಾಡಿಗೆ ಮನೆಯ ಕರಾರುಪತ್ರ ಇಲ್ಲದವರು ವಿಳಾಸದ ಪುರಾವೆಗಾಗಿ ಓಡಾಡಿದರು. ಒಬ್ಬಳು ನನ್ನ ಬಳಿ ಅರ್ಜಿ ತುಂಬಿಸಿಕೊಳ್ಳಲು ಬಂದಾಗ ಕೇಳಿದಳು: “ಬಾಯಿ, ಇಷ್ಟು ವರ್ಷ ನಿಮ್ಮ ಮಕ್ಕಳ ಮೂಗು ಒರೆಸಿದೆ, ಈಗ ನಾನು ಯಾರು ಅಂತ ಪೊಲೀಸರು ಹೇಳಬೇಕಾ?” ಅವಳು ಕೇಳಿದ್ದು ಮರಾಠಿಯಲ್ಲಿ. ನನ್ನ ಕನ್ನಡದಲ್ಲೂ ಅದು ಅಷ್ಟೇ ಖಾರವಾಗಿದೆ. ಪರಿಶೀಲನೆ ಆಗಲೇಬೇಕು. ಅದನ್ನು ಮಾಡಿಸುವಾಗ ಕಾರಣ ವಿವರಿಸಿ, ಅರ್ಧ ದಿನದ ರಜೆ ಕೊಟ್ಟು, ಮುಖ್ಯೋಪಾಧ್ಯಾಯಿನಿಯಿಂದ ಹಿಡಿದು ಎಲ್ಲರಿಗೂ ಒಂದೇ ಅರ್ಜಿ ಎಂದು ತೋರಿಸಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಸುಳ್ಳು ಇ-ಮೇಲ್, ನಿಜವಾದ ಹೆದರಿಕೆ

2023ರ ಡಿಸೆಂಬರ್ 1ರ ಬೆಳಗ್ಗೆ ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ಮಕ್ಕಳನ್ನು ಮೈದಾನಕ್ಕೆ ಕರೆತಂದರು, ತಂದೆತಾಯಿಗಳು ಕಚೇರಿ ಬಿಟ್ಟು ಓಡಿದರು. ಬಾಂಬ್ ಎಲ್ಲೂ ಸಿಗಲಿಲ್ಲ, ಇ-ಮೇಲ್ ಸುಳ್ಳೆಂದು ತಿಳಿಯಿತು. ಸುಳ್ಳು ಸುದ್ದಿಯೂ ಮಗುವಿನ ಹೊಟ್ಟೆಯಲ್ಲಿ ನಿಜವಾದ ಹೆದರಿಕೆಯನ್ನೇ ಹುಟ್ಟಿಸುತ್ತದೆ. ಅದಾದ ಮೇಲೆ ದೇಶದ ಎಷ್ಟೋ ಊರುಗಳಲ್ಲಿ ಇಂಥ ಇ-ಮೇಲ್‌ಗಳು ಬಂದು, ಶಾಲೆ ಖಾಲಿ ಮಾಡಿಸುವುದು ಶಿಕ್ಷಕರ ಕೆಲಸದ ಭಾಗವೇ ಆಗಿಹೋಗಿದೆ.

ಇಂಥದ್ದಕ್ಕೆ ಮಕ್ಕಳನ್ನು ಮೊದಲೇ ಸಿದ್ಧಗೊಳಿಸುವುದು ಒಳ್ಳೆಯದಲ್ಲವೇ ಎಂದು ಕೇಳಬಹುದು. ಅಮೆರಿಕದಲ್ಲಿ ಗುಂಡಿನ ದಾಳಿಯ ಭಯದಿಂದ ಬಹುತೇಕ ಶಾಲೆಗಳು ಮಾಕ್ ಡ್ರಿಲ್ ನಡೆಸುತ್ತವೆ. ಜಾರ್ಜಿಯಾ ಟೆಕ್ ಸಂಶೋಧಕರು 114 ಶಾಲೆಗಳ ವಿದ್ಯಾರ್ಥಿ, ಪೋಷಕ, ಶಿಕ್ಷಕರು ಸಾಮಾಜಿಕ ಜಾಲತಾಣಗಳಲ್ಲಿ ಬರೆದದ್ದನ್ನು ತೆಗೆದುಕೊಂಡು, ಡ್ರಿಲ್‌ಗೆ ಮೊದಲಿನ 90 ದಿನ ಮತ್ತು ನಂತರದ 90 ದಿನಗಳನ್ನು ಹೋಲಿಸಿದರು. ಖಿನ್ನತೆಯ ಸೂಚನೆಗಳು ಶೇ. 39ರಷ್ಟು, ಒತ್ತಡ ಮತ್ತು ಆತಂಕದ ಸೂಚನೆಗಳು ಶೇ. 42ರಷ್ಟು ಏರಿದ್ದವು. ಅಲ್ಲಿ ಕೆಲವು ಕಡೆ ಮೊದಲೇ ತಿಳಿಸದೆ, ನಿಜವೆಂಬಂತೆ ಡ್ರಿಲ್ ನಡೆಸಿದ ಉದಾಹರಣೆಗಳಿವೆ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2020ರಲ್ಲಿ ಇಂಥ ಡ್ರಿಲ್‌ಗಳ ಬಗ್ಗೆ ಎಚ್ಚರಿಸಿದೆ. ನಮ್ಮ ಕೆಂಪು ಸಿಲಿಂಡರಿನ ದಿನವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಮೊದಲೇ ಹೇಳಿ, ಹಗಲು ಹೊತ್ತಿನಲ್ಲಿ, ನಗುನಗುತ್ತ ಮಾಡಿದ ತಯಾರಿಯೇ ಮಕ್ಕಳಿಗೆ ಒಗ್ಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಸಖಿ ಸಾವಿತ್ರಿ

ಮಹಾರಾಷ್ಟ್ರ ಸರ್ಕಾರ 2022ರ ಮಾರ್ಚ್ 10ರಂದು ಒಂದು ಆದೇಶ ಹೊರಡಿಸಿತು. ಶಾಲೆ, ಕೇಂದ್ರ, ತಾಲೂಕು ಮಟ್ಟದಲ್ಲಿ ‘ಸಖಿ ಸಾವಿತ್ರಿ’ ಸಮಿತಿಗಳು ಇರಬೇಕು. ಮಕ್ಕಳ ಸುರಕ್ಷತೆ, ಹೆಣ್ಣುಮಕ್ಕಳ ಹಾಜರಿ, ಅವರ ಮಾನಸಿಕ ಆರೋಗ್ಯ ಇವನ್ನೆಲ್ಲ ಅವು ನೋಡಿಕೊಳ್ಳಬೇಕು. ದಿನಾಂಕ ಗಮನಿಸಿ: ಮಾರ್ಚ್ 10, ಸಾವಿತ್ರಿಬಾಯಿ ತೀರಿಕೊಂಡ ದಿನ. ಹೆಸರನ್ನೂ ಗಮನಿಸಿ: ಸಖಿ, ಜೊತೆಗಾತಿ. ಕೋಲ್ಹೆ, ಲಹೂಜಿ, ಫಾತಿಮಾ ಸೇರಿ 1848ರ ನಂತರದ ವರ್ಷಗಳಲ್ಲಿ ಮಾಡಿದ ಕೆಲಸವನ್ನು ಕಾಗದದ ಮೇಲೆ ಮತ್ತೆ ತರುವ ಪ್ರಯತ್ನ ಇದು.

ಕಾಗದದಿಂದ ಶಾಲೆಗೆ ಬರುವ ದಾರಿ ಉದ್ದ. 2024ರ ಆಗಸ್ಟಿನಲ್ಲಿ ಠಾಣೆ ಜಿಲ್ಲೆಯ ಬದಲಾಪುರದಲ್ಲಿ ಶಿಶುವಿಹಾರದ ಇಬ್ಬರು ಪುಟ್ಟ ಹುಡುಗಿಯರ ಮೇಲಿನ ದೌರ್ಜನ್ಯ ಬೆಳಕಿಗೆ ಬಂತು. ಜನ ರೈಲು ತಡೆದರು. ಆ ಶಾಲೆಯ ಕ್ಯಾಮೆರಾಗಳ 15 ದಿನದ ದೃಶ್ಯಗಳು ಸಿಗುತ್ತಿಲ್ಲವೆಂದು ಆಗಿನ ಶಾಲಾ ಶಿಕ್ಷಣ ಸಚಿವರೇ ಹೇಳಿದರು. ಆಗಸ್ಟ್ 21ರಂದು ಹೊಸ ಆದೇಶ ಬಂತು: ಒಂದು ತಿಂಗಳಲ್ಲಿ ಎಲ್ಲ ಶಾಲೆಗಳಲ್ಲಿ ಸಿಸಿಟಿವಿ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ, ದೂರು ಪೆಟ್ಟಿಗೆ, ಸಖಿ ಸಾವಿತ್ರಿ ಸಮಿತಿ. ಪುಣೆಯ ಶಾಲೆಗಳಲ್ಲೂ ಏಣಿ ಹಾಕಿ ಕ್ಯಾಮೆರಾ ಕೂರಿಸುವ ಕೆಲಸ ನಡೆಯಿತು.

ಆ ಮಕ್ಕಳ ಸಂಕಟ ಹೊರಬಿದ್ದದ್ದು ಮನೆಯವರ ಎದುರು ಅವರು ಬಾಯಿ ಬಿಟ್ಟಿದ್ದರಿಂದ. ಕ್ಯಾಮೆರಾ ಸಾಕ್ಷಿ ಹೇಳಬಲ್ಲದು, ಕೆಲವು ದುಷ್ಟರನ್ನು ಹಿಂಜರಿಸಬಲ್ಲದು. ಅದು ಇರಲಿ. ಆದರೆ ನಾಲ್ಕು ವರ್ಷದ ಮಗು ಕ್ಯಾಮೆರಾಕ್ಕೆ “ಇಲ್ಲಿ ನೋವಾಗ್ತದ” ಎಂದು ಹೇಳುವುದಿಲ್ಲ. ಯಾರ ತೊಡೆಯ ಮೇಲೆ ಕೂತು ಅಭ್ಯಾಸವಿದೆಯೋ ಅವರಿಗೆ ಹೇಳುತ್ತದೆ.

ಅಂಥವರನ್ನು ಶಾಲೆಯಲ್ಲೇ ತಯಾರು ಮಾಡಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಪುರಾವೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಶ್ರೀಕಲಾ ಭರತ್ ಮತ್ತು ಡಾ. ಕಿಶೋರ್ ಕುಮಾರ್ ಹೈಸ್ಕೂಲುಗಳಿಗೆ ಜೀವನ ಕೌಶಲ ಶಿಕ್ಷಣ ರೂಪಿಸಿದರು. ಅದನ್ನು ನಡೆಸಿದ್ದು ಹೊರಗಿನ ತಜ್ಞರಲ್ಲ, ತರಬೇತಿ ಪಡೆದ ಶಿಕ್ಷಕರೇ. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಈ ಪಾಠ ಪಡೆದ 605 ಮಕ್ಕಳನ್ನು, ಪಡೆಯದ 423 ಮಕ್ಕಳ ಜೊತೆ ಹೋಲಿಸಿ ನೋಡಿದ್ದಾರೆ. ಪಾಠ ಪಡೆದವರಲ್ಲಿ ಆತ್ಮಗೌರವ, ಕಷ್ಟ ನಿಭಾಯಿಸುವ ಶಕ್ತಿ ಮತ್ತು ಶಿಕ್ಷಕರೊಡನೆ ಹೊಂದಿಕೊಳ್ಳುವ ಗುಣ ಹೆಚ್ಚಿದ್ದವು. ನನಗೆ ಈ ಕೊನೆಯ ಅಂಶವೇ ಮುಖ್ಯ. ಶಿಕ್ಷಕರನ್ನು ಅನುಮಾನದಿಂದ ದೂರ ನಿಲ್ಲಿಸಿದರೆ ಮಗು ಹೇಳಿಕೊಳ್ಳುವ ಒಂದು ಬಾಗಿಲು ಮುಚ್ಚುತ್ತದೆ. ಅವರನ್ನು ತರಬೇತಿ ಕೊಟ್ಟು ಹತ್ತಿರ ತಂದರೆ ಅದೇ ಬಾಗಿಲು ತೆರೆಯುತ್ತದೆ.

ನಾವು ಕೇಳಬಹುದಾದದ್ದು

ನಾವು ಪುಣೆಯ ಕನ್ನಡತಿಯರು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್ ಆಡುತ್ತಾರೆ. ನೋವು ಹೇಳಲು ಅವರಿಗೆ ಯಾವ ಭಾಷೆ ಬೇಕು? ನಮ್ಮ ಮನೆಯ ಮಕ್ಕಳು ಹೇಗೋ ಮೂರರಲ್ಲೂ ಹೇಳಿಯಾರು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಇಲ್ಲಿನ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳನ್ನು ನೆನೆಯಿರಿ. ಹಿಂಜವಡಿ, ವಾಘೋಲಿಯ ತಗಡಿನ ಶೆಡ್ಡುಗಳಿಂದ ಹತ್ತಿರದ ಮರಾಠಿ ಶಾಲೆಗೆ ಹೋಗುವ ಎಂಟು ವರ್ಷದ ಹುಡುಗಿಗೆ ದೂರು ಪೆಟ್ಟಿಗೆಯ ಮೇಲೆ ಬರೆದ ಅಕ್ಷರವೇ ಓದಲು ಬರುವುದಿಲ್ಲ. ಅವಳು ಏನೆಂದು ಚೀಟಿ ಬರೆದು ಹಾಕಬೇಕು? ಆರು ತಿಂಗಳಲ್ಲಿ ಸೈಟ್ ಬದಲಾದರೆ ಶಾಲೆಯೂ ಬದಲಾಗುತ್ತದೆ, ಪರಿಚಯದ ಮುಖವೂ ಇಲ್ಲವಾಗುತ್ತದೆ. ಆ ಹುಡುಗಿಗೆ ಕನ್ನಡ ಬಲ್ಲ ಒಬ್ಬ ಸಖಿ ಬೇಕು. ಅದು ನಾವಲ್ಲದೆ ಇನ್ಯಾರು?

ಹೀಗಾಗಿ ಮುಂದಿನ ಪೋಷಕರ ಸಭೆಗೆ ಹೋಗುವ ತಾಯಂದಿರಿಗೆ, ನನ್ನಂಥ ಅಜ್ಜಿಯರಿಗೆ ನನ್ನ ವಿನಂತಿ ಇಷ್ಟು. ಎಷ್ಟು ಕ್ಯಾಮೆರಾ ಇವೆ ಎಂದು ಕೇಳಿ. ಕೇಳಿದ ಮೇಲೆ ಇವನ್ನೂ ಕೇಳಿ. ಸಖಿ ಸಾವಿತ್ರಿ ಸಮಿತಿಯಲ್ಲಿ ಯಾರಿದ್ದಾರೆ, ಕಳೆದ ಸಭೆ ಯಾವಾಗ ಆಯಿತು? ಚಿಕ್ಕ ಮಕ್ಕಳ ಶೌಚಾಲಯದ ಬಳಿ ದಿನವಿಡೀ ಯಾವ ಮಾವಶಿ ಇರುತ್ತಾಳೆ? ಅವಳು ರಜೆ ಹಾಕಿದ ದಿನ ಯಾರು? ಅವಳಿಗೆ ತಿಂಗಳ ಸಂಬಳ ಸರಿಯಾಗಿ ಬರುತ್ತಿದೆಯೇ? ಡ್ರಿಲ್ ಮಾಡುವ ಮೊದಲು ಮಕ್ಕಳಿಗೂ ನಮಗೂ ತಿಳಿಸುತ್ತೀರಾ? ಶಿಕ್ಷಕರಿಗೆ ಮನಸ್ಸು ಭಾರವಾದರೆ ಮಾತಾಡಲು ಶಾಲೆಯಲ್ಲಿ ಯಾರಿದ್ದಾರೆ? ಈ ಕೊನೆಯ ಪ್ರಶ್ನೆ ಕೇಳಿದಾಗ ಟೀಚರ್‌ಗಳ ಮುಖ ನೋಡಿ. ಅವರನ್ನು ಹೀಗೆ ಕೇಳಿದವರು ಕಡಿಮೆ.

ಎರಡು ದೂರವಾಣಿ ಸಂಖ್ಯೆಗಳನ್ನು ಫ್ರಿಜ್ಜಿನ ಬಾಗಿಲ ಮೇಲೆ ಬರೆದಿಡಿ. ಮಕ್ಕಳ ಸಹಾಯವಾಣಿ 1098. ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416, ಇದು 2022ರ ಅಕ್ಟೋಬರ್ 10ರಂದು ಆರಂಭವಾದದ್ದು, ಕನ್ನಡದಲ್ಲೂ ಮಾತಾಡಬಹುದು. ಇವು ಮಕ್ಕಳಿಗಷ್ಟೇ ಅಲ್ಲ, ಮನೆಯ ದೊಡ್ಡವರಿಗೂ ಇವುಗಳ ಅರಿವಿರಬೇಕು.

ಭಿಡೆ ವಾಡೆಯ ಹಳೆಯ ಕಟ್ಟಡ ಈಗ ಇಲ್ಲ. ವರ್ಷಗಟ್ಟಲೆ ನಡೆದ ವ್ಯಾಜ್ಯ ಮುಗಿದ ಮೇಲೆ 2023ರ ಡಿಸೆಂಬರಿನಲ್ಲಿ ಅದನ್ನು ಕೆಡವಿದರು, ಅಲ್ಲಿ ರಾಷ್ಟ್ರೀಯ ಸ್ಮಾರಕ ಬರಬೇಕಿದೆ. ಸ್ಮಾರಕ ಕಟ್ಟುವುದು ಸರ್ಕಾರದ ಕೆಲಸ, ಕಟ್ಟಲಿ. ನಮ್ಮ ಮಹಿಳಾ ವೇದಿಕೆಯಿಂದ ಈ ವರ್ಷ ಒಂದು ಸಣ್ಣ ಕೆಲಸ ಆಗಬಹುದು: ಮರಾಠಿ ಮತ್ತು ಕನ್ನಡ ಎರಡೂ ಬಲ್ಲ ಹತ್ತು ಜನ ಹೆಸರು ಕೊಟ್ಟರೆ, ಕಟ್ಟಡ ಕಾರ್ಮಿಕರ ಮಕ್ಕಳು ಹೋಗುವ ಶಾಲೆಗಳ ಮುಖ್ಯೋಪಾಧ್ಯಾಯರನ್ನು ಕಂಡು, ವಾರಕ್ಕೆ ಒಂದು ಗಂಟೆ ಆ ಮಕ್ಕಳ ಜೊತೆ ಕೂರಲು ಅನುಮತಿ ಕೇಳಬಹುದು. ನಮ್ಮ ಪೊಲೀಸ್ ಪರಿಶೀಲನೆಯ ಅರ್ಜಿಯನ್ನೂ ಎಲ್ಲರಂತೆ ತುಂಬಿ ಕೊಡೋಣ. ಮೊದಲ ಹೆಸರು ನನ್ನದು ಬರೆದುಕೊಳ್ಳಿ, ಇನ್ನು ಒಂಬತ್ತು ಬೇಕು.